ಹಲ್ಲು ಒಣಹಾಕುವ ಕಾಕಾ

ಮಾಳಿಗಿ ಮ್ಯಾಲೆ ಹಲ್ಲಿನ ಸಾಲು; ಬಿಸಿಲು ಕುಡಿತಾವ, ರೊಟ್ಟಿ ತಿನ್ನಂಗಿಲ್ಲ. ಏನದು? ಬಿಡ್ರಿ, ನಿಮಗೆ ಬರೂದಿಲ್ಲ. ಅದಕ್ಕೆ ಸಿಂಧನೂರಿನ ನಮ್ಮ ಓಣಿಯಲ್ಲೇ ಇರಬೇಕು. ಇಲ್ಲಿ ಇಂಥವು ವಾರಕ್ಕೊಂದು ಆಗುತ್ತಲೇ ಇರುತ್ತವೆ. ಅರ್ಧಕ್ಕೆ ಕಾರಣ ನಾನೇ.

೧. ಸಂಡಿಗೆಯ ಆಚೆ

ಬಾಜೂ ಮನೆಗೆ ಹೊಸದಾಗಿ ದೊಡ್ಡ ಮೀಸೆಯ ಕಾಕಾ ಒಬ್ಬರು ಬಾಡಿಗೆಗೆ ಬಂದರು. ಹಲ್ಲಿನ ಸೆಟ್ ಮಾಡುವುದು ಅವರ ಕೆಲಸ. ಮಸ್ಕಿ, ಲಿಂಗಸುಗೂರಿನ ಡಾಕ್ಟರುಗಳು ಮಂದಿಯ ಬಾಯಿ ಅಳತೆ ತೆಗೆದು ಬಸ್ಸಿಗೆ ಹಾಕಿ ಕಳಿಸುತ್ತಾರೆ. ಇವರು ಬಿಳಿ ಪುಡಿ ಕಲಸಿ ಅಚ್ಚು ಹೊಯ್ದು ಮಾಳಿಗೆ ಮೇಲೆ ಒಣಗಿಸುತ್ತಾರೆ. ಎರಡನೇ ಕ್ಲಾಸಿನ ನನ್ನ ತಂಗಿ ಸಂಡಿಗೆ ಕಾಯಲು ಹೋದವಳು ಗೋಡೆಯಾಚೆ ಇಣುಕಿ ಓಡಿ ಬಂದಳು.

"ಅಣ್ಣಾ, ಆ ಕಾಕಾ ಮಂದಿ ಹಲ್ಲು ಒಣಹಾಕ್ಯಾನ!"

ನಿಜ ಹೇಳಬಹುದಿತ್ತು. ಆದರೆ ಒಂಬತ್ತನೇ ಕ್ಲಾಸಿಗೆ ಸಾಲಿ ಬಿಟ್ಟ ನಾನು ಪೂರ್ತಿ ಕಲಿತ ವಿದ್ಯೆ ಸುಳ್ಳೊಂದೇ.

"ರಾಕ್ಷಸ ಅದಾನ ಬೇ. ಮಂದೀನ ತಿಂದು ಹಲ್ಲಷ್ಟ ಉಳಸ್ತಾನ."

"ಹಲ್ಲು ಯಾಕ ಬಿಡ್ತಾನ?"

"ನೀ ಬಾರಿಹಣ್ಣು ತಿಂದು ಬೀಜ ಉಗುಳಂಗಿಲ್ಲೇನು?"

೨. ಬಳಗಾನೂರಿನ ಮುದುಕ

ಮರುದಿನ ಬಳಗಾನೂರಿನ ಮುದುಕನೊಬ್ಬ ಕಾಕಾನ ಮನೆಗೆ ಬಂದ. ಕೆನ್ನೆ ಒಳಗೆ ಹೋಗಿ, ಮೂಗು ಗದ್ದಕ್ಕೆ ತಾಗುವಂತಿತ್ತು. ತಾಸು ಬಿಟ್ಟು ಅದೇ ಮುದುಕ ಹೊಸ ಸೆಟ್ ಹಾಕಿಕೊಂಡು, ಕೆನ್ನೆ ತುಂಬಿ, ನಗುತ್ತಾ ಹೊರಬಿದ್ದ. ಗುರುತೇ ಸಿಗಲಿಲ್ಲ.

ಕಿಟಕಿಯಲ್ಲಿ ಕಾವಲು ಕೂತಿದ್ದ ತಂಗಿ ನನ್ನ ಅಂಗಿ ಜಗ್ಗಿದಳು. "ಮುದುಕ ಒಳಗ ಹೋದ, ಇವ ಯಾವನೋ ಹೊರಗ ಬಂದ. ಮುದುಕ ಎಲ್ಲಿ?"

"ನಾಳೆ ಮಾಳಿಗಿ ಮ್ಯಾಲೆ ನೋಡು."

೩. ಬಾಯಿ ಬಂದ್

ಅಲ್ಲಿಗೆ ನಿಲ್ಲಿಸಬೇಕಿತ್ತು. ಅವಳ ಮುಂದಿನ ಹಲ್ಲು ಅಲುಗಾಡುತ್ತಿತ್ತು. "ಅಲಗಾಡೂ ಹಲ್ಲಂದ್ರ ಅವಂಗ ಭಾಳ ಪಸಂದ್" ಅಂದುಬಿಟ್ಟೆ. ಬಾಯಿ ಮುಚ್ಚಿದವಳು ತೆಗೆಯಲೇ ಇಲ್ಲ. ರಾತ್ರಿ ರೊಟ್ಟಿ ಇಲ್ಲ, ಬೆಳಿಗ್ಗೆ ಉಪ್ಪಿಟ್ಟು ಇಲ್ಲ, ಮಧ್ಯಾಹ್ನ ಅನ್ನವೂ ಇಲ್ಲ. ಸುಳ್ಳು ಹೇಳಿದೆ ಎಂದು ಕಿವಿ ಹಿಡಿದುಕೊಂಡರೂ ನಂಬಲಿಲ್ಲ.

ಅವ್ವ ಅವಳ ಹಣೆ ಮುಟ್ಟಿ ನೋಡಿದಳು. "ಯಾರೋ ಕೂಸಿನ ಅಂಜಿಸ್ಯಾರ. ಅವ ಕೈಯಾಗ ಸಿಗಲಿ!"

"ಹೌದವ್ವ, ಸಿಗಲಿ" ಅಂದೆ ನಾನೂ.

೪. ರಾಕ್ಷಸನ ಬಾಯಿ

ಸಂಜೆಗೆ ಅವಳ ಮುಖ ಬಾಡಿಹೋಗಿತ್ತು. ನನಗೇ ಅಂಜಿಕೆ ಹತ್ತಿತು. ಎತ್ತಿಕೊಂಡು ಹೋಗಿ ಕಾಕಾನ ಮುಂದೆ ಎಲ್ಲ ಒಪ್ಪಿಕೊಂಡೆ. ಕೆನ್ನೆಗೆ ಒಂದು ಬೀಳುತ್ತದೆ ಅಂದುಕೊಂಡರೆ, ಅವರು ತಂಗಿಯ ಮುಂದೆ ಕುಂತು ಮೀಸೆ ಎತ್ತಿ ಬಾಯಿ ಅಗಲಿಸಿದರು. ಒಂದೂ ಹಲ್ಲಿಲ್ಲ!

"ನೋಡವ್ವ, ತಿನ್ನಾಕ ನನಗ ಹಲ್ಲ ಇಲ್ಲ. ಬಿಸ್ಕೀಟ ಸೈತ ಚಾದಾಗ ಅದ್ದಿ ನುಂಗತೀನಿ."

ತಂಗಿಯ ಬಾಯಿ ಬಿಚ್ಚಿತು. "ಊರಿಗೆಲ್ಲಾ ಮಾಡ್ತೀರಿ, ನಿಮಗ್ಯಾಕ ಮಾಡ್ಕೊಂಡಿಲ್ರಿ?"

"ಪುರಸೊತ್ತು ಎಲ್ಲೈತವ್ವ?"

ಅವಳು ಕಿಸಕ್ಕನೆ ನಕ್ಕಳು. ನನಗೆ ಹೋದ ಜೀವ ಬಂತು. ಮನೆಗೆ ಬಂದು ಎರಡು ರೊಟ್ಟಿ ತಿಂದಳು. ಎರಡನೆಯದಕ್ಕೆ ಆ ಹಲ್ಲು ಕಿತ್ತು ಬಂತು. ಅದನ್ನು ಹಿಡಿದು ಓಡಿಹೋಗಿ ಕಾಕಾನ ಅಂಗೈಯಲ್ಲಿಟ್ಟು ಅಂದಳು: "ಕಾಕಾ, ಇದರಿಂದ ಚಾಲೂ ಮಾಡ್ರಿ."

ಖರೆ ಹೇಳಲೇನು? ಈ ಕಡೇದು ನಾನೇ ಕಟ್ಟಿದ್ದು. ಹಲ್ಲು ರೊಟ್ಟಿಯ ಜೋಡಿ ಅವಳ ಹೊಟ್ಟೆಗೇ ಹೋಗಿತ್ತು. ಎರಡು ರೊಟ್ಟಿ ತಿಂದದ್ದು ಮಾತ್ರ ಖರೆ. ಮುರಿದು ತಿನಿಸಿದವ ನಾನೇ.