ಹದಿನೈದಕ್ಕೆ ನಲವತ್ತೈದು

ನನಗೆ ವೇಗವೆಂದರೆ ಭಯ. ಕಾರು ಇಟ್ಟುಕೊಂಡವನು ಆಡುವ ಮಾತಲ್ಲ ಇದು, ಗೊತ್ತು. ಆದರೆ ಕಾರು ನಾನು ಬಯಸಿ ಕೊಂಡದ್ದಲ್ಲ. ತೊಂಬತ್ತರ ದಶಕದಲ್ಲಿ ನನ್ನ ಹೆಂಡತಿಯ ಅಣ್ಣ ದೆಹಲಿಗೆ ವರ್ಗವಾಗಿ ಹೋಗುವಾಗ, ತಮ್ಮ ಇಪ್ಪತ್ತು ವರ್ಷದ ಕಾರನ್ನು ತಂಗಿಯ ಮೇಲಿನ ಪ್ರೀತಿಗೆ ಬಸವನಗುಡಿಯ ನಮ್ಮ ಗೇಟಿನೊಳಗೆ ಬಿಟ್ಟುಹೋದರು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ವೇಗದ ಸೂತ್ರಗಳನ್ನು ಬೋರ್ಡಿನ ಮೇಲೆ ನಿರ್ಭಯವಾಗಿ ಬರೆಯುತ್ತಿದ್ದವನು ಸ್ಟೀರಿಂಗ್ ಹಿಡಿದರೆ ಬೆವರುತ್ತಿದ್ದೆ. ನನಗಿದ್ದ ಒಂದೇ ಧೈರ್ಯ ಸ್ಪೀಡೋಮೀಟರ್. ಅದರ ಮುಳ್ಳು ಮೂವತ್ತು ದಾಟದಂತೆ ನೋಡಿಕೊಂಡರೆ ನನ್ನ ಪ್ರಾಣವೂ ದಾರಿಹೋಕರ ಪ್ರಾಣವೂ ಉಳಿಯುತ್ತವೆಂದು ನಂಬಿದ್ದೆ.

ಆಯುಧಪೂಜೆ ಕಳೆದ ವಾರಕ್ಕೆ ಆ ಮುಳ್ಳಿಗೆ ಏನೋ ಆಯಿತು. ಕಾರು ಹೊರಟರೆ ಸಾಕು, ಐವತ್ತಕ್ಕೆ ನೆಗೆದು ಅಲ್ಲೇ ನಡುಗುತ್ತಿತ್ತು. ಜೊತೆಗೆ ನಾನೂ ನಡುಗುತ್ತಿದ್ದೆ. ಕಾಲು ಸಡಿಲಿಸಿ ಸಡಿಲಿಸಿ ಅದನ್ನು ಮೂವತ್ತಕ್ಕೆ ಇಳಿಸುವ ಹೊತ್ತಿಗೆ, ಗಾಂಧಿಬಜಾರಿನಲ್ಲಿ ಸೊಪ್ಪಿನ ಬುಟ್ಟಿ ಹೇರಿಕೊಂಡ ಸೈಕಲ್ಲಿನವನು ನನ್ನನ್ನು ಹಿಂದೆ ಹಾಕಿ ಹೋದ. ‘ಈಗಿನ ಜನಕ್ಕೆ ಎಷ್ಟು ಅವಸರ!’ ಎಂದುಕೊಂಡೆನೇ ಹೊರತು, ಮೂವತ್ತರಲ್ಲಿ ಹೋಗುವ ಕಾರನ್ನು ಹೊರೆ ಹೊತ್ತ ಸೈಕಲ್ಲು ದಾಟುವುದು ಹೇಗೆಂದು ಈ ಭೌತಶಾಸ್ತ್ರದ ಮೇಷ್ಟ್ರಿಗೆ ಹೊಳೆಯಲಿಲ್ಲ. ಭಯ ಇರುವ ಕಡೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

ಹೀಗೇ ತಿಂಗಳುಗಳು ಕಳೆದವು. ಅಷ್ಟರಲ್ಲಿ ಮಗಳು ವಿದ್ಯಾಳ ವೀಣೆ ಪರೀಕ್ಷೆ ಹತ್ತಿರ ಬಂತು. ಕೇಂದ್ರ ಮಲ್ಲೇಶ್ವರದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ. ವೀಣೆಯನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ, ಆಟೋದಲ್ಲಿ ಕುಲುಕಿಸುವಂತಿಲ್ಲ. ಎರಡು ವರ್ಷ ಬೆರಳು ಸವೆಸಿ ಕಲಿತವಳು. ಒಂದು ಭಾನುವಾರ ಅವಳನ್ನು ಕೂರಿಸಿಕೊಂಡು ದಾರಿ ಅಭ್ಯಾಸ ಮಾಡಲು ಹೊರಟೆ. ಚಾಮರಾಜಪೇಟೆ ದಾಟುವಷ್ಟರಲ್ಲೇ ಅವಳು ಗಡಿಯಾರ ನೋಡಿ, “ಅಪ್ಪಾ, ಹೀಗೆ ಹೋದ್ರೆ ನಾವು ರಿಸಲ್ಟ್ ನೋಡೋಕೆ ಸರಿಯಾಗಿ ತಲುಪ್ತೀವಿ” ಎಂದಳು. ಅವಳ ದನಿಯಲ್ಲಿ ಅಳು ಇತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮೂವತ್ತರಲ್ಲಿ ಹೋದರೂ ತಡವಾಗುವುದಾದರೆ ಕಾರಿನಲ್ಲೇ ಏನೋ ದೋಷವಿರಬೇಕೆಂದು ಮೆಕ್ಯಾನಿಕ್ಕಿನ ಕಡೆ ತಿರುಗಿಸಿದೆ.

ಶಂಕರಪುರದ ಮೆಕ್ಯಾನಿಕ್ ಮುನಿಯಪ್ಪನದು ಅವನದೇ ಆದ ಪದ್ಧತಿ. ತನ್ನ ಸ್ಕೂಟರನ್ನು ನನ್ನ ಕಾರಿನ ಪಕ್ಕದಲ್ಲೇ ಓಡಿಸುತ್ತಾ ಕೂಗಿದ: “ಸಾರ್, ನಂದು ಹದಿನೈದು! ನಿಮ್ದೆಷ್ಟು?”

“ನಲವತ್ತೈದು!” ಎಂದು ಚೀರಿದೆ. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಹಿರಿಯರು ಎದ್ದು ನಿಂತು ನೋಡಿದರು.

ಮುನಿಯಪ್ಪ ಕಾರು ನಿಲ್ಲಿಸಲು ಹೇಳಿ, ಮೀಟರಿನ ಹಿಂದಿನ ಕೇಬಲ್ ಬಿಚ್ಚಿ, ಬೆರಳಾಡಿಸಿ ಮೂಸಿದ. “ಹರಳೆಣ್ಣೆ! ಇದನ್ನ ಇದರೊಳಗೆ ಯಾರು ಸಾರ್ ಬಿಟ್ಟಿದ್ದು?”

ನಾನೇ. ಆಯುಧಪೂಜೆಯ ದಿನ ಹೊಲಿಗೆ ಯಂತ್ರ, ಅಡಕತ್ತರಿ, ಬಾಗಿಲ ಕೀಲು ಎಲ್ಲಕ್ಕೂ ಎಣ್ಣೆ ಬಿಟ್ಟ ಮೇಲೆ ಬಟ್ಟಲಲ್ಲಿ ಒಂದಿಷ್ಟು ಉಳಿದಿತ್ತು. ಕಾರಿಗೊಂದಕ್ಕೆ ಬರೀ ಕುಂಕುಮ ಹಚ್ಚಿ ಮೋಸ ಮಾಡಬಾರದೆಂದು, ಕೈಗೆ ಸಿಕ್ಕ ಆ ಕೇಬಲ್ ಬಿಚ್ಚಿ, ಭಕ್ತಿಯಿಂದ ಸುರಿದಿದ್ದೆ.

“ಎಣ್ಣೆ ಮೀಟರ್ ಒಳಗೆ ಹೋಗಿ ಅಂಟಾಗಿದೆ ಸಾರ್. ಅದಕ್ಕೇ ಮುಳ್ಳನ್ನ ಜಾಸ್ತಿ ಎಳೀತಿದೆ,” ಎಂದು ಮುನಿಯಪ್ಪ ಎಲ್ಲವನ್ನೂ ಬಿಚ್ಚಿ ತೊಳೆದು ಸರಿಮಾಡಿ ಕೊಟ್ಟ.

ನನ್ನ ನಿಜವಾದ ಕಷ್ಟ ಆಗ ಶುರುವಾಯಿತು. ಇಷ್ಟು ದಿನ ನಾನು ಮೂವತ್ತೆಂದು ಓಡಿಸಿದ್ದು ಹತ್ತು. ಆ ಹತ್ತಕ್ಕೇ ಒಗ್ಗಿಹೋದವನಿಗೆ ಈಗ ಅಸಲಿ ಮೂವತ್ತಕ್ಕೆ ಮರಗಳು ಮೈಮೇಲೆ ಬಂದಂತಾಗುತ್ತಿತ್ತು. ಕಣ್ಣು ರಸ್ತೆ ಬಿಟ್ಟು ಮುಳ್ಳಿಗೇ ಅಂಟಿಕೊಳ್ಳುತ್ತಿತ್ತು.

ಪರೀಕ್ಷೆಯ ದಿನ ವೀಣೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ವಿದ್ಯಾ ಪಕ್ಕದಲ್ಲಿ ಕೂತು ತನ್ನ ಕರವಸ್ತ್ರವನ್ನು ಮೀಟರಿನ ಮೇಲೆ ಹೊದಿಸಿದಳು. “ನೀನು ರೋಡ್ ನೋಡಪ್ಪಾ. ಮೀಟರ್ ನಾನು ನೋಡ್ಕೋತೀನಿ.” ಆಗಾಗ ತುದಿ ಎತ್ತಿ ಇಣುಕಿ, “ಮೂವತ್ತು ಅಪ್ಪಾ, ಬರೀ ಮೂವತ್ತು” ಎನ್ನುತ್ತಿದ್ದಳು. ಗಾಳಿ ಸ್ವಲ್ಪ ಜೋರಾಗಿದೆ ಅನ್ನಿಸಿದರೂ ನಂಬಿದೆ. ಒಂಬತ್ತಕ್ಕೆ ಕಾಲು ಗಂಟೆ ಇರುವಾಗಲೇ ತಲುಪಿದೆವು. ಗೇಟಿನ ಬಳಿ ವೀಣೆಯನ್ನು ತಬ್ಬಿಕೊಂಡು ಅವಳು, “ಬೈಬೇಡಪ್ಪಾ. ಶೇಷಾದ್ರಿಪುರದ ಹತ್ರ ಐವತ್ತೈದಿತ್ತು” ಎಂದು ಹೇಳಿ ಒಳಗೆ ನಡೆದುಬಿಟ್ಟಳು.

ನನ್ನ ಕಾಲುಗಳು ಆಗ ನಡುಗಲು ತೊಡಗಿದವು. ಕಾರಿನಿಂದ ಇಳಿಯಲಾಗಲಿಲ್ಲ, ಓಡಿಸಿಕೊಂಡು ಮನೆಗೆ ಹೋಗಲೂ ಆಗಲಿಲ್ಲ. ಬಿಸಿಲಿನಲ್ಲಿ, ಬಾಯಿ ಒಣಗಿಸಿಕೊಂಡು, ಮೂರು ಗಂಟೆ ಸ್ಟೀರಿಂಗ್ ಹಿಡಿದು ಅಲ್ಲೇ ಕೂತಿದ್ದೆ. ಹೊರಗೆ ಬಂದ ಮಗಳು ನನ್ನನ್ನು ನೋಡಿ ಕಣ್ಣು ತುಂಬಿಕೊಂಡಳು. “ನನಗೋಸ್ಕರ ಇಲ್ಲೇ ಕಾಯ್ತಾ ಕೂತಿದ್ಯೇನಪ್ಪಾ?”

ವಾಪಸ್ ಹದಿನೈದರಲ್ಲಿ ಬಂದೆವು. ಅವಳು ಪಾಸಾದಳು. ಇವತ್ತಿಗೂ ಮನೆಗೆ ಬಂದವರಿಗೆಲ್ಲ, “ನಮ್ಮಪ್ಪ ಬಿಸಿಲಲ್ಲಿ ಮೂರು ಗಂಟೆ ಅಲ್ಲಾಡದೆ ಕೂತಿದ್ರು, ಅಂಥ ಪ್ರೀತಿ” ಎಂದು ಹೇಳುತ್ತಾಳೆ. ನಾನು ಕಾಫಿ ಲೋಟವನ್ನೇ ನೋಡುತ್ತಾ ಹೌದೆಂಬಂತೆ ತಲೆಯಾಡಿಸುತ್ತೇನೆ.