ದಿನಕ್ಕೆ ಎಷ್ಟು ಕಿಲೋಮೀಟರ್ ಆರಾಮ?

ಹದಿನಾರು ಲಕ್ಷದ ಗಾಡಿ, ಹನ್ನೊಂದು ತಿಂಗಳ ಗಡುವು, ಒಂದು ಮನೆ. ವ್ಯವಹಾರ ಇಷ್ಟೇ ಇತ್ತು.

ಬಿಡಿಸಿ ಹೇಳುತ್ತೇನೆ. ಬೆಳಗಾವಿಯಲ್ಲಿ ಮೂವತ್ತೆಂಟು ವರ್ಷ ಪೈಪು, ನೀರೆತ್ತುವ ಮೋಟಾರು ಮಾರಿದೆ. ಆಮೇಲೆ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ಒಂದು ಹಳೆಯ ಶಾಲಾ ಬಸ್ಸು ಕೊಂಡು, ಆಟೋ ನಗರದಲ್ಲಿ ಅದರೊಳಗೆ ಮಂಚ, ಒಲೆ, ಬಚ್ಚಲು, ನೀರಿನ ಟಾಕಿ ಕೂಡಿಸಿದೆ. ಇನ್ನು ಮುಂದೆ ನಮ್ಮ ಸಂಸಾರ ಗಾಡಿಯಲ್ಲೇ ಎಂದು ನನ್ನ ಲೆಕ್ಕ. ಊರೊಳಗಿನ ಮನೆಯನ್ನು ಒಬ್ಬ ಸಾಲಿ ಮಾಸ್ತರರಿಗೆ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟೆ. ಗಾಡಿಯ ಬಾಳುವೆ ನಮಗೆ ಒಗ್ಗಿದರೆ ಮನೆಯನ್ನು ಅವರೇ ಕೊಳ್ಳುವುದು, ಒಗ್ಗದಿದ್ದರೆ ಖಾಲಿ ಮಾಡುವುದು ಎಂದು ಮಾತಾಯಿತು. ಆದರೆ ಹಿಂದೊಮ್ಮೆ ಟ್ಯಾಕ್ಸ್ ಉಳಿಸುವ ಜಾಣತನದಲ್ಲಿ ಮನೆಯನ್ನು ನಮ್ಮಾಕಿಯ, ಅಂದರೆ ನನ್ನ ಹೆಂಡತಿಯ, ಹೆಸರಿಗೆ ಮಾಡಿಸಿಬಿಟ್ಟಿದ್ದೆ. ಮಾರಬೇಕೆಂದರೆ ಅವಳ ಸಹಿ ಬೇಕು.

"ದಿನಕ್ಕ ಎಷ್ಟು ಓಡಿದ್ರ ನನ್ನ ಸೊಂಟಾ ನೋಯಂಗಿಲ್ಲ, ಎಷ್ಟು ನಿಂತ್ರ ನನಗ ಬ್ಯಾಸರ ಆಗಂಗಿಲ್ಲ, ಅದನ್ನ ಹುಡುಕಿ ಕೊಡ್ರಿ. ಅವತ್ತ ಸಹಿ ಹಾಕ್ತೀನಿ," ಅಂದಳು.

ನಿಂತ ಮನೆಯಲ್ಲಿ ವಾರಕ್ಕೊಂದು ಫಜೀತಿ ಆಗುತ್ತದೆ. ಮನೆಗೆ ಗಾಲಿ ಹಚ್ಚಿದರೆ ಕಿಲೋಮೀಟರಿಗೊಂದು. ಕೆಲವನ್ನು ಇಲ್ಲಿ ಹೇಳಿದ್ದೇನೆ. ನಗುವವರು ನಗಲಿ, ನನಗಂತೂ ಆಗ ನಗು ಬಂದಿರಲಿಲ್ಲ, ಈಗಲೂ ಬರುವುದಿಲ್ಲ.

ಮುಟ್ಟಬೇಕು

ವ್ಯಾಪಾರಿಗೆ ರಸ್ತೆ ಎಂದರೆ ಒಂದೇ ಚಿಂತೆ: ಮಾಲು ಮುಟ್ಟಬೇಕು. ಮೊದಲ ಸಲ ಕನ್ಯಾಕುಮಾರಿಗೆ ಹೊರಟಾಗ ಮಾಲು ನಾವೇ ಆಗಿದ್ದೆವು. ದಿನಕ್ಕೆ ನಾಲ್ಕುನೂರು ಕಿಲೋಮೀಟರ್ ಎಂದು ಗೆರೆ ಹಾಕಿಕೊಂಡೆ. ಡೀಸೆಲ್ ಹಾಕಿಸುವಾಗ ಚಹಾ, ಚಹಾ ಕುಡಿಯುವಾಗ ಬಚ್ಚಲು. ಬೇರೆ ಕಾರಣಕ್ಕೆ ನಿಲ್ಲುವುದಿಲ್ಲ.

"ರೀ, ಆ ಕೆರಿ ಬಾಜು ಒಂದ ತಾಸು ನಿಲ್ಲೂಣು."

"ಮುಂದ ಇದಕ್ಕಿಂತ ಚಲೋದು ಬರತೈತಿ, ತಡಿ."

ಮುಂದೆ ಬಂದದ್ದು ಟೋಲ್ ನಾಕಾ. ಅದರ ಮುಂದೆ ಇನ್ನೊಂದು ಟೋಲ್ ನಾಕಾ. ಎರಡು ದಿನ ಅವಳು ಮಾತಾಡಲಿಲ್ಲ. ಅದನ್ನು ನಾನು ಆರಾಮ ಎಂದು ತಿಳಿದೆ.

ಕನ್ಯಾಕುಮಾರಿಯನ್ನು ಮಧ್ಯಾಹ್ನ ಎರಡಕ್ಕೆ ಮುಟ್ಟಿದೆವು. ಅವತ್ತಿನ ನಾಲ್ಕುನೂರರಲ್ಲಿ ಇನ್ನೂ ನೂರಿಪ್ಪತ್ತು ಬಾಕಿ ಉಳಿದಿತ್ತು. ಒಂದು ಫೋಟೋ ತೆಗೆದು ಗಾಡಿ ತಿರುಗಿಸಿದೆ.

ಊರಿಗೆ ಬಂದು ತಮ್ಮನ ಮನೆಯ ಮುಂದೆ ನಿಂತಾಗ ಓಣಿಯ ಹೆಂಗಸರು ಸುತ್ತುಗಟ್ಟಿದರು. "ಮೂರು ಸಮುದ್ರ ಕೂಡೂದು ಹೆಂಗ ಕಾಣತೈತ್ರಿ ಅಕ್ಕಾ?"

ನಮ್ಮಾಕಿ ಅಂದಳು, "ಭಾಳ ಸಣ್ಣದೈತವ್ವಾ. ಸೈಡ್ ಕನ್ನಡಿಯೊಳಗ ಪೂರ್ತಿ ಹಿಡೀತು."

ಎತ್ತಿನ ರಜೆ

ಆ ಮಾತಿನ ನಂತರ ವೇಗದ ಅಧಿಕಾರ ಅವಳ ಕೈಗೆ ಹೋಯಿತು. ಸ್ನಾನ, ಲಿಂಗಪೂಜೆ ಮುಗಿಯುವವರೆಗೆ ಗಾಡಿ ಅಲುಗಬಾರದು ಎಂಬುದು ಮೊದಲ ನಿಯಮ. ನಮ್ಮ ಮನೆತನದಲ್ಲಿ ಅದಕ್ಕೆ ಎದುರು ಮಾತಿಲ್ಲ, ಒಪ್ಪಿದೆ. ಅಮಾವಾಸ್ಯೆಗೆ ಪ್ರಯಾಣ ಇಲ್ಲ ಎಂದಳು. ಅದನ್ನೂ ಒಪ್ಪಿದೆ, ತಿಂಗಳಿಗೊಂದೇ ಬರುತ್ತದೆ. ಮಂಗಳವಾರ, ಶುಕ್ರವಾರ ಮನೆ ಬಿಟ್ಟು ಹೊರಡುವ ಹಾಗಿಲ್ಲ ಎಂದಾಗ ಮಾತ್ರ ತಡೆಯಲಾಗಲಿಲ್ಲ.

"ಮನಿ ಎಲ್ಲಿ ಬಿಡ್ತೀವಿ? ಮನಿಯೊಳಗ ಕುಂತ ಹೋಗ್ತೀವಿ."

"ಅದು ಇನ್ನೂ ಕೆಟ್ಟರೀ. ಮಂದಿ ಮನಿ ಬಿಟ್ಟು ಹೋಗ್ತಾರ. ನಮ್ಮಲ್ಲಿ ಮನಿನ ಎದ್ದು ಹೊಂಟ ಹೋಗತೈತಿ."

ಉಳಿದ ಐದು ದಿನಗಳಲ್ಲಿ ಸೋಮವಾರವನ್ನೂ ಕಿತ್ತುಕೊಂಡಳು. ಅವಳದು ಪಾರಿಶ್ವಾಡದ ಒಕ್ಕಲುತನದ ಮನೆ. ಅಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

"ಇದಕ್ಕ ಎತ್ತೆಲ್ಲಿ ಅದಾವು? ಇದು ಡೀಸೆಲ್ ಇಂಜಿನ್," ಅಂದೆ.

"ನಾ ಇಂಜಿನ್ನಿಗೆ ಎಲ್ಲಿ ಹೇಳಿದೆ? ನಿಮಗ ಹೇಳಿದೆ."

ಮಚ್ಛೆಯ ಉಪ್ಪಿಟ್ಟು

ಹೊಸ ಲೆಕ್ಕ ಹಾಕಿದೆ. ದಿನಕ್ಕೆ ಹತ್ತೇ ಕಿಲೋಮೀಟರ್, ಅದೂ ಖಾನಾಪುರ ರಸ್ತೆಯಲ್ಲಿ, ಅವಳಿಗೆ ಪರಿಚಯವಿದ್ದ ದಾರಿ. ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರ್. ಬೇರೆಯವರು ಮುಕ್ಕಾಲು ತಾಸಿನಲ್ಲಿ ಹೋಗುತ್ತಾರೆ, ನಾವು ಮೂರು ದಿನಕ್ಕೆ ಹೋಗುವುದೆಂದು ಆಯಿತು.

ಮೊದಲ ದಿನ ಮಚ್ಛೆಯಲ್ಲಿ, ಕಾರಖಾನೆಗಳ ಬಾಜು ಒಂದು ಮರದ ಕೆಳಗೆ ನಿಂತೆವು. ಮರುದಿನ ಬೆಳಿಗ್ಗೆ ಅವಳು ಬದಿಯ ಕಿಟಕಿ ತೆರೆದು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು. ಪಾಳಿ ಮುಗಿಸಿ ಬರುತ್ತಿದ್ದ ನಾಲ್ಕು ಜನ ಕಾರ್ಮಿಕರು ಕಿಟಕಿಯ ಮುಂದೆ ಸಾಲಾಗಿ ನಿಂತರು.

"ಅಕ್ಕಾರ, ಪ್ಲೇಟ್ ಎಷ್ಟರೀ?"

ಅವಳು ಬಾಯಿ ತೆರೆಯುವ ಮೊದಲೇ ನನ್ನ ಬಾಯಿಂದ "ಇಪ್ಪತ್ತೈದು" ಎಂದು ಬಂದುಬಿಟ್ಟಿತು. ಮೂವತ್ತೆಂಟು ವರ್ಷದ ರೂಢಿ. ಯಾರಾದರೂ ಎಷ್ಟು ಎಂದು ಕೇಳಿದರೆ ನನಗೆ ಸುಮ್ಮನಿರಲು ಬರುವುದಿಲ್ಲ.

ಅವತ್ತು ನಾವಿಬ್ಬರೂ ಉಪವಾಸ. ಮರುದಿನ ಹದಿನಾಲ್ಕು ಜನ ಬಂದರು, ಅದರ ಮರುದಿನ ಮೂವತ್ತು. ವಿಶ್ರಾಂತಿಗೆಂದು ನಿಂತ ಜಾಗದಲ್ಲಿ ನಮ್ಮಾಕಿ ನಸುಕಿನಲ್ಲಿ ಎದ್ದು ಉಳ್ಳಾಗಡ್ಡಿ ಹೆಚ್ಚತೊಡಗಿದಳು. ಹೊರಡೋಣ ಎಂದಳು. "ನಾಳೆ ಅಂತ ಮಂದಿಗೆ ಹೇಳೇವಿ, ಗಿರಾಕಿ ಮುರಿಬಾರ್ದು," ಎಂದು ನಾನೇ ತಡೆದೆ. ಅವಳು ಒಳಗೆ ಬೇಯಿಸಿದಳು, ನಾನು ಹೊರಗೆ ಪ್ಲೇಟು ಹಂಚಿದೆ.

ಆರನೆಯ ದಿನ ಒಬ್ಬ ಹಿರಿಯ ಕಾರ್ಮಿಕ ಕೈ ತೊಳೆದುಕೊಂಡು ಕಿಟಕಿಗೆ ಬಂದು ಅವಳ ಮುಂದೆ ದನಿ ತಗ್ಗಿಸಿದ: "ಉಪ್ಪಿಟ್ಟು ಭಾರಿ ಐತ್ರಿ ಅಕ್ಕಾರ. ಆದ್ರ ಈ ಸಪ್ಲಾಯರ್‌ನ ಬದಲಿ ಮಾಡ್ರಿ. ಕೈ ಸಾವಕಾಶ, ಮಾತ ಜಾಸ್ತಿ."

ಗಾಡಿ ಹತ್ತಿದ ಮೇಲೆ ಅವಳು ಮನಸಾರೆ ನಕ್ಕದ್ದು ಅದೇ ಮೊದಲು.

ಹಿಂದಿನ ಬಾಗಿಲು

ಗಾಡಿಗೆ ಬಣ್ಣ ಬಳಿಸುವಾಗ ಅಷ್ಟು ಉದ್ದದ ತಗಡನ್ನು ಖಾಲಿ ಬಿಡಲು ನನಗೆ ಮನಸ್ಸು ಬಂದಿರಲಿಲ್ಲ. ಎರಡೂ ಬದಿಗೆ ಆಳೆತ್ತರದ ಕೆಂಪಕ್ಷರದಲ್ಲಿ ಅಂಗಡಿಯ ಹೆಸರು ಬರೆಸಿದ್ದೆ. ಊರೂರಿಗೆ ಪುಕ್ಕಟೆ ಜಾಹೀರಾತು ಎಂದು ತಮ್ಮನೂ ಹೊಗಳಿದ್ದ.

ಖಾನಾಪುರ ತಾಲೂಕಿನ ಅರ್ಧ ಬಾವಿಗಳಲ್ಲಿ ಇರುವುದು ನಾನು ಮಾರಿದ ಮೋಟಾರುಗಳು. ಅವು ಸುಟ್ಟಿರುವ ಸಂಗತಿ ನನಗೆ ತಿಳಿದದ್ದು ಆ ದಾರಿಯಲ್ಲಿ. ಖಾನಾಪುರ ದಾಟುವ ಮೊದಲೇ ಒಬ್ಬ ರೈತ "ಅಹೋ ಶೇಟ, ಥಾಂಬಾ, ಥಾಂಬಾ!" ಎಂದು ಮರಾಠಿಯಲ್ಲಿ ಕೂಗುತ್ತ ಬೈಕು ಅಡ್ಡ ಹಾಕಿದ. ಅವನ ಕೈಯಲ್ಲಿ ಒಡೆದ ವಾಲ್ವು. ಮುಂದಿನ ತಿರುವಿನಲ್ಲಿ ಇಬ್ಬರು ಸ್ಟಾರ್ಟರ್ ಹಿಡಿದು ನಿಂತಿದ್ದರು. ಹಿಂದಿನವನು ಅವರಿಗೆ ಫೋನ್ ಮಾಡಿದ್ದ. ಪಾರಿಶ್ವಾಡಕ್ಕೆ ಒಂದು ತಾಸಿನ ದಾರಿ, ನಮಗೆ ನಾಲ್ಕು ದಿನ ಹಿಡಿಯಿತು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅಲ್ಲಿನ ಬಾವಿಗಳೇ ನಿರ್ಧರಿಸಿದವು.

ಪಾರಿಶ್ವಾಡದಲ್ಲಿ ಮಾವನ ಮನೆಯ ಮುಂದೆ ಗಾಡಿ ನಿಲ್ಲಿಸಿ ಬಾಗಿಲು ತೆರೆದರೆ ಎದುರಿಗೇ ಒಬ್ಬ ಮುದುಕಿ. ಟ್ರ್ಯಾಕ್ಟರಿನಲ್ಲಿ ಮೋಟಾರು ಹೇರಿಸಿಕೊಂಡೇ ಬಂದಿದ್ದಳು.

"ಯಾವಾಗ ಸುಟ್ಟಿದ್ದಬೇ ಇದು?" ಅಂದೆ.

"ಎರಡು ವರ್ಷ ಆತ್ರಿ."

"ಮತ್ತ ಅಂಗಡಿಗೆ ಬರಬೇಕಿಲ್ಲೋ?"

"ಮೂರು ಸಲ ಬಂದಿದ್ನಿರೀ. ನನ್ನ ನೋಡಿದ ಕೂಡಲೇ ನೀವು ಹಿಂದಿನ ಬಾಗಿಲಿಂದ ಹೋಗಿಬಿಡ್ತಿದ್ರಿ." ಮುದುಕಿ ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದಳು. "ಇದಕ್ಕ ಹಿಂದಿನ ಬಾಗಿಲ ಇಲ್ಲ. ನೋಡ್ಕೊಂಡ ಬಂದೀನಿ."

ಗೇರ್‌ಬಾಕ್ಸ್

ಮಳೆಗಾಲದಲ್ಲಿ ಗೇರ್‌ಬಾಕ್ಸ್ ಕೈಕೊಟ್ಟಿತು. ಗಾಡಿಯನ್ನು ಎಳೆಸಿಕೊಂಡು ಆಟೋ ನಗರಕ್ಕೆ, ಅದನ್ನು ಕಟ್ಟಿಕೊಟ್ಟ ಮಿಸ್ತ್ರಿಯ ಶೆಡ್ಡಿಗೇ ತಂದೆವು. ಅವನು ಗೇರ್‌ಬಾಕ್ಸ್ ಬಿಚ್ಚಿ ನೆಲದ ಮೇಲೆ ಹರಡಿ, "ಸಾಮಾನು ಕೊಲ್ಹಾಪುರದಿಂದ ಬರಬೇಕ್ರಿ ಸೇಠಜೀ. ಹತ್ತ ದಿನಾ," ಅಂದ.

ನನಗೆ ಅದು ಜೈಲು. ಗ್ರೈಂಡರಿನ ಕಿಡಿ, ವೆಲ್ಡಿಂಗಿನ ಹೊಗೆ, ಸುತ್ತಲೂ ಕಳಚಿದ ಲಾರಿಗಳು. ನಮ್ಮಾಕಿ ಮಾತ್ರ ಅರಳಿಕೊಂಡಳು. ಸಪಾಟು ನೆಲ, ಬೇಕಾದಷ್ಟು ನೀರು, ಕರೆಂಟು. ಶೆಡ್ಡಿನ ಬಾಜುವಿನ ಮನೆಯಲ್ಲಿದ್ದ ಮಿಸ್ತ್ರಿಯ ಹೆಂಡತಿ ಶೀರ್‌ಖುರ್ಮಾ ಕೊಟ್ಟಳು, ಇವಳು ಹೋಳಿಗೆ ಕೊಟ್ಟಳು. ವಾರದಲ್ಲಿ ಸೊಂಟದ ನೋವು ಹೋಯಿತು. ಮಂಡಿಯದೂ ಹೋಯಿತು. ಸಂಜೆ ಮಿಸ್ತ್ರಿಯ ಹೆಂಡತಿಯ ಜೊತೆ ಕಟ್ಟೆಯ ಮೇಲೆ ಕುಳಿತು, ಲಾರಿಯವರ ಜಗಳ ಬಗೆಹರಿಸತೊಡಗಿದಳು.

ಹತ್ತು ದಿನ ಹದಿನೈದಾಯಿತು, ಇಪ್ಪತ್ತೆರಡಾಯಿತು. ನನಗೆ ತಲೆ ಕೆಟ್ಟು ಮಿಸ್ತ್ರಿಯ ಮೇಲೆ ಹರಿಹಾಯ್ದೆ. "ಕೊಲ್ಹಾಪುರದಿಂದ ಸಾಮಾನು ನಡಕೋತ ಬರಾಕತೈತೇನು?"

ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ನನ್ನನ್ನೇ ನೋಡಿದ. "ಸಾಮಾನು ಬಂದು ಹನ್ನೆರಡು ದಿನ ಆತ್ರಿ ಸೇಠಜೀ. ಅವಸರ ಮಾಡಬ್ಯಾಡ ಅಂತ ಅಕ್ಕಾ ಹೇಳ್ಯಾರ. ನಿಮಗ ಗೊತ್ತೈತಿ ಅಂದುಕೊಂಡಿದ್ನಿ."

ಗಡುವಿನ ದಿನ

ಆಮೇಲೆ ಇನ್ನಷ್ಟು ಓಡಿದೆವು, ಇನ್ನಷ್ಟು ನಿಂತೆವು. ಜನವರಿ ಕೊನೆಗೆ ಹನ್ನೊಂದು ತಿಂಗಳು ತುಂಬಿ, ಗಾಡಿಯನ್ನು ನಮ್ಮದೇ ಮನೆಯ ಮುಂದೆ ತಂದು ನಿಲ್ಲಿಸಿದೆ. ಮಾಸ್ತರರು "ಬರ್ರಿ ಸಾವಕಾರ್ರ, ಕುಂದರ್ರಿ" ಎಂದು ನನ್ನದೇ ಪಡಸಾಲೆಯಲ್ಲಿ ನನಗೆ ಕುರ್ಚಿ ಕೊಟ್ಟರು. ಮಾರಾಟದ ಕಾಗದ ಸಿದ್ಧವಿತ್ತು. ನಾನು ಪೆನ್ನನ್ನು ನಮ್ಮಾಕಿಯ ಕಡೆ ಸರಿಸಿದೆ.

ಅವಳು ಪೆನ್ನು ಮುಟ್ಟಲಿಲ್ಲ. "ಹನ್ನೊಂದು ತಿಂಗಳು ಹುಡುಕಿದ್ರಿ. ಗೇರ್‌ಬಾಕ್ಸ್ ಇಲ್ಲದಾಗ ನನಗ ಆರಾಮ ಆತು. ಅಂದ ಮ್ಯಾಲ ನಿಂತ ಮನಿ ಮಾರಿ ಓಡೂ ಮನಿ ಯಾಕ ಇಟಗೋಬೇಕ್ರಿ? ಸಹಿ ಹಾಕಂಗಿಲ್ಲ."

ಮಾಸ್ತರರ ಮುಂದೆ ಜಗಳಾಡಲು ಮರ್ಯಾದೆ ಅಡ್ಡ ಬಂತು. ನುಂಗಿಕೊಂಡು, "ಹಂಗಾದ್ರ ಮಾಸ್ತರ, ಕರಾರಿನ ಪ್ರಕಾರ ನೀವು ಮನಿ ಖಾಲಿ ಮಾಡಬೇಕಾಗತೈತಿ," ಅಂದೆ.

ಮಾಸ್ತರರು ಕೈಮುಗಿದರು. "ಮಗಳದು ಹತ್ತನೇ ಕ್ಲಾಸ್ ಪರೀಕ್ಷೆ ಐತ್ರಿ ಸಾವಕಾರ್ರ. ಈಗ ಮನಿ ಬದಲಿಸಿದ್ರ ಆಕಿ ಅಭ್ಯಾಸ ಕೆಡತೈತಿ. ಪರೀಕ್ಷೆ ಮುಗಿಯೂ ಮಟಾ ತಡೀರಿ."

"ಅಲ್ಲೀ ಮಟಾ ನಾವೆಲ್ಲಿ ಇರೂದ್ರಿ?"

"ನಿಮಗೇನ್ರಿ," ಎಂದು ಅವರು ಕಿಟಕಿಯಾಚೆ ಗಾಡಿಯ ಕಡೆ ಕೈ ತೋರಿಸಿದರು. "ನೀವು ನಿಂತಲ್ಲೇ ಮನಿ."

ನಮ್ಮಾಕಿ ಆಗಲೇ ತಲೆಯಾಡಿಸಿ ಒಪ್ಪಿಗೆ ಕೊಟ್ಟಿದ್ದಳು. ಮಗುವಿನ ಪರೀಕ್ಷೆ ಅಂದ ಮೇಲೆ ಮುಗಿಯಿತು.

ಈಗ ಗಾಡಿ ನಮ್ಮದೇ ಅಂಗಳದಲ್ಲಿದೆ. ನಮ್ಮದೇ ನಳದಿಂದ ಮಾಸ್ತರರನ್ನು ಕೇಳಿ ನೀರು ಹಿಡಿಯುತ್ತೇನೆ. ಕರೆಂಟು ನಮ್ಮ ಮಲಗುವ ಕೋಣೆಯ ಕಿಟಕಿಯಿಂದ ವೈರಿನಲ್ಲಿ ಬರುತ್ತದೆ. ಅವರು ಫ್ಯಾನು ಹಾಕಿದರೆ ನಮ್ಮ ದೀಪ ಮಂಕಾಗುತ್ತದೆ. ನಮ್ಮಾಕಿ ಬೆಳಗಿನ ಚಹಾಕ್ಕೆ ತನ್ನದೇ ಅಡುಗೆಮನೆಗೆ ಅತಿಥಿಯ ಹಾಗೆ ಹೋಗಿ ಕೂರುತ್ತಾಳೆ, ಬಹಳ ಖುಷಿಯಾಗಿದ್ದಾಳೆ.

ಎರಡನೆಯ ದಿನ ಮಾಸ್ತರರ ಹೆಂಡತಿ ಗಾಡಿಯ ಬಾಗಿಲು ಬಡಿದರು. "ಅಣ್ಣಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಗಾಡಿ ನೆರಳಿಗೆ ನಮ್ಮ ಬಟ್ಟಿ ಒಣಗವಲ್ಲವು. ಹೊತ್ತೇರಿದ ಮ್ಯಾಲ ಒಂದೀಟ ಮುಂದ ತಗೋರಿ. ಸಂಜೀಕ ಹಿಂದ ತಗೋರಿ, ಇವರ ಸ್ಕೂಟರ್ ಒಳಗ ಬರಬೇಕು."

ಅವತ್ತಿನಿಂದ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ ಆರು ಅಡಿ ಮುಂದೆ ಹೋಗುತ್ತೇನೆ, ಸಂಜೆ ಆರು ಅಡಿ ಹಿಂದೆ ಬರುತ್ತೇನೆ. ನಮ್ಮಾಕಿ ಎರಡೂ ಸಲ ಸೀರೆ ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಬಂದು ಕೂರುತ್ತಾಳೆ, ಕಿಟಕಿಯ ಹೊರಗೆ ನೋಡುತ್ತಾಳೆ. ಮೊನ್ನೆ ನಾನಾಗಿಯೇ ಕೇಳಿದೆ, "ಸೊಂಟಾ?"

"ನೋವಿಲ್ಲ."

"ಬ್ಯಾಸರ?"

"ಇಲ್ಲರೀ. ಹಿಂಗ ಓಡಿಸಿದ್ರ ಎಷ್ಟು ದಿನಾ ಬೇಕಾದ್ರೂ ಬರ್ತೀನಿ."

ಕೊನೆಯ ಲೆಕ್ಕ ಹೀಗಿದೆ: ಹದಿನಾರು ಲಕ್ಷ ಹೋಯಿತು, ಹನ್ನೊಂದು ತಿಂಗಳು ಹೋಯಿತು, ಒಂಬತ್ತು ಸಾವಿರ ಕಿಲೋಮೀಟರ್ ಟೈರು ಸವೆಯಿತು. ಕೈಗೆ ಬಂದ ಲಾಭ, ದಿನಕ್ಕೆ ಹನ್ನೆರಡು ಅಡಿ.