ಪುತ್ತಬ್ಬ ಸರ್‌ನೇಮಿನ ಗಣ್ಯರು

ಹೆಸರಿನ ಬಗ್ಗೆ ಹೆಮ್ಮೆಪಡಲು ಮನುಷ್ಯನಿಗೆ ಕಾರಣ ಬೇಕಾಗಿಲ್ಲ, ಕೇಳುವವರಿದ್ದರೆ ಸಾಕು. ನಮ್ಮ ದುಬೈ ಆಫೀಸಿಗೆ ಅಮೆರಿಕದಿಂದ ಬಂದ ಹೊಸ ಮ್ಯಾನೇಜರ್ ಥ್ರಿಂಗ್ಲರ್ ಸಾಹೇಬರಿಗೆ ಕೇಳಲು ಇಡೀ ಆಫೀಸೇ ಸಿಕ್ಕಿತು. ಅವರ ಸರ್‌ನೇಮ್ ಅಮೆರಿಕದಲ್ಲೇ ಅಪರೂಪವಂತೆ. ಇರುವ ಬೆರಳೆಣಿಕೆಯ ಥ್ರಿಂಗ್ಲರುಗಳಲ್ಲೇ ಒಬ್ಬ ಸೆನೆಟರ್, ಒಬ್ಬ ಬೇಸ್‌ಬಾಲ್ ಆಟಗಾರ, ಬೆಣ್ಣೆ ಕಡೆಯುವ ಯಂತ್ರ ಕಂಡುಹಿಡಿದವನೊಬ್ಬ. ಮೀಟಿಂಗ್ ಯಾವ ವಿಷಯಕ್ಕೇ ಇರಲಿ, ಬೆಣ್ಣೆಯವನು ಬಂದೇ ಬರುತ್ತಿದ್ದ. ಕೊನೆಗೆ, ಆಫೀಸಿನ ಫ್ಯಾಮಿಲಿ ಡೇಯಲ್ಲಿ ನಮ್ಮ ಮಕ್ಕಳೂ ತಂತಮ್ಮ ಸರ್‌ನೇಮಿನ ಗಣ್ಯರ ಬಗ್ಗೆ ಎರಡು ಮಾತಾಡಬೇಕೆಂದು ಅಪ್ಪಣೆಯಾಯಿತು.

ತೊಂದರೆ ಏನೆಂದರೆ, ನಮ್ಮ ಬ್ಯಾರಿಗಳ ಎಷ್ಟೋ ಮನೆಗಳಲ್ಲಿ ಸರ್‌ನೇಮ್ ಎಂಬುದೇ ಇಲ್ಲ. ಪಾಸ್‌ಪೋರ್ಟಿಗೆ ಬೇಕೇ ಬೇಕು ಎಂದಾಗ ತಂದೆಯ ಹೆಸರನ್ನು ಅಲ್ಲಿ ಕೂರಿಸಿಬಿಡುತ್ತೇವೆ. ಅಜ್ಜನ ಹೆಸರು ಹೊತ್ತ ನಾನು ಪುತ್ತಬ್ಬ, ನನ್ನ ಸರ್‌ನೇಮ್ ಮೋನು. ಸಾಹೇಬರು "ಮಿಸ್ಟರ್ ಮೋನು" ಎಂದಾಗಲೆಲ್ಲ, ಪಾಸ್‌ಪೋರ್ಟೇ ಮಾಡಿಸದೆ ಉಳ್ಳಾಲದಲ್ಲಿರುವ ನನ್ನ ತಂದೆ, ನಮ್ಮ ಉಪ್ಪ, ಇಲ್ಲಿಗೆ ಯಾವಾಗ ಬಂದರೆಂದು ಹಿಂದೆ ತಿರುಗಿ ನೋಡುತ್ತೇನೆ. ಮಗಳು ಶಿಫಾಳ ಸರ್‌ನೇಮ್ ಪುತ್ತಬ್ಬ. ಅಂದರೆ ಅದು ಶುರುವಾದದ್ದೇ ನನ್ನಿಂದ. ಅದರಲ್ಲಿ ಗಣ್ಯರನ್ನು ಹುಡುಕಿದರೆ ಸಿಗುವವನು ನಾನೊಬ್ಬನೇ.

ಇದು ಹೊಳೆದದ್ದೇ, ಅಲ್ ಕುಸೈಸಿನ ನಮ್ಮ ಪುಟ್ಟ ಫ್ಲಾಟಿನಲ್ಲಿ ನನ್ನ ನಡಿಗೆಯೇ ಬದಲಾಯಿತು. ಸ್ಪೇರ್‌ಪಾರ್ಟ್ಸ್ ಗೋದಾಮಿನಲ್ಲೇ ಕೂದಲು ಬೆಳ್ಳಗಾದವನಿಗೆ ಮಗಳ ಬಾಯಲ್ಲಿ ಒಂದು ಸಲ ದೊಡ್ಡವನಾಗುವ ಆಸೆ ನಿಜವಾಗಿಯೂ ಹುಟ್ಟಿತ್ತು. ಅವಳು ಕೇಳದಿದ್ದರೂ ಪಕ್ಕದಲ್ಲಿ ಕೂತು, ರಜೆಯ ದಿನ ದೂರದ ರುವೈಸಿನ ರಿಫೈನರಿಗೆ ವಾಲ್ವ್ ತಲುಪಿಸಿದ ಕಥೆ ಹೇಳಿದೆ. ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಗಿಟ್ಟಿಸಿದ್ದನ್ನೂ ಸೇರಿಸಿದೆ.

"ಐ ನೋ, ಉಪ್ಪ," ಎಂದಳು ಶಿಫಾ.

"ಎಷ್ಟನೇ ಟೆಸ್ಟಿಗೆ ಸಿಕ್ಕಿದ್ದೂಂತಲೂ ಹೇಳಿ ಮಾರಾಯ್ರೆ," ಎಂದು ಹೆಂಡತಿ ಝುಬೈದಾ ಅಡುಗೆಮನೆಯಿಂದ ಒಗ್ಗರಣೆ ಹಾಕಿದಳು.

ಫ್ಯಾಮಿಲಿ ಡೇಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಮುಂದಿನ ಸಾಲಿನಲ್ಲೇ ಕೂತೆ. ಎದ್ದು ನಿಲ್ಲಿ ಎಂದರೆ ಹೇಗೆ ನಿಲ್ಲಬೇಕೆಂಬುದನ್ನೂ ಯೋಚಿಸಿಟ್ಟಿದ್ದೆ. ಸಾಹೇಬರ ಬೆಣ್ಣೆ ಮುಗಿದ ಮೇಲೆ ಶಿಫಾ ಮೈಕ್ ಹಿಡಿದು, ಚೂರೂ ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಸರ್‌ನೇಮ್ ಥ್ರಿಂಗ್ಲರ್‌ಗಿಂತಲೂ ಅಪರೂಪ. ಅದರಲ್ಲಿ ಇನ್ನೂ ಯಾರೂ ಗಣ್ಯರಾಗಿಲ್ಲ. ಮೊದಲನೆಯವಳು ನಾನೇ ಆಗುತ್ತೇನೆ."

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಹೆಮ್ಮೆಯಿಂದ ಕಣ್ಣೂ ತುಂಬಿತು. ಆ "ಇನ್ನೂ ಯಾರೂ" ಎಂಬವರು ಯಾರೆಂದು ನನಗೆ ಹೊಳೆದದ್ದು ಕಾರು ಪಾರ್ಕಿಂಗ್ ದಾಟಿದ ಮೇಲೆ. ಅಷ್ಟು ಹೊತ್ತಿಗೆ ತಟ್ಟಿದ ಚಪ್ಪಾಳೆಯನ್ನು ವಾಪಸು ಪಡೆಯುವ ಹಾಗಿರಲಿಲ್ಲ.